ಮೂವತ್ತು ಜನಕ್ಕೆ ಕಿತ್ತಳೆ-ನಿಂಬೆ ಮಾಕ್‌ಟೇಲ್: ರಸ ಕಹಿಯಾಗದ ಹಾಗೆ, ಸೋಡಾ ಗ್ಯಾಸ್ ಹೋಗದ ಹಾಗೆ ಮಾಡೋದು ಹೇಗೆ?

ವಿಜಯನಗರ_ಎರಡನೇ_ಹಂತ (ಮೈಸೂರು)

ಏಪ್ರಿಲ್‌ನಲ್ಲಿ ಮನೆ ಟೆರೇಸ್ ಮೇಲೆ ಮಗನ ಹುಟ್ಟುಹಬ್ಬ. ಸಂಜೆ 5.30ಕ್ಕೆ ಶುರು, ಮಕ್ಕಳೂ ಸೇರಿ 30 ಜನ. ಬಾಟಲಿ ಕೂಲ್‌ಡ್ರಿಂಕ್ಸ್ ಬದಲು ಕಿತ್ತಳೆ ಅಥವಾ ಮೋಸಂಬಿ, ನಿಂಬೆ, ಪುದೀನ, ಸೋಡಾ ಹಾಕಿ ಮಾಕ್‌ಟೇಲ್ ಕೊಡೋಣ ಅಂತ ಇದೆ. ನೆಟ್‌ನಲ್ಲಿ ಸಿಗೋ ರೆಸಿಪಿಗಳೆಲ್ಲ ಒಂದು ಲೋಟದ ಲೆಕ್ಕ. ನನಗೆ ಬೇಕಾಗಿರೋದು ಮೂವತ್ತು ಜನದ ಲೆಕ್ಕ, ಜೊತೆಗೆ ಇಷ್ಟಕ್ಕೆ ಉತ್ತರ:

ಮೋಸಂಬಿ ರಸ ಬೆಳಿಗ್ಗೆ ಹಿಂಡಿಟ್ಟರೆ ಸಂಜೆ ಹೊತ್ತಿಗೆ ಕಹಿ ಬರುತ್ತಲ್ಲ, ಅದಕ್ಕೆ ಕಾರಣ ಏನು, ತಡೆಯೋಕೆ ಆಗುತ್ತಾ? ಸೋಡಾ ಬೆರೆಸಿ ಜಗ್‌ನಲ್ಲಿಟ್ಟರೆ ಅರ್ಧ ಗಂಟೆಗೇ ಸಪ್ಪೆ ಆಗುತ್ತೆ, ಹೋಟೆಲ್‌ನವರು ಹೇಗೆ ನಿಭಾಯಿಸ್ತಾರೆ? ಸಕ್ಕರೆ ಕಾಯಿಲೆ ಇರೋ ಇಬ್ಬರು ಹಿರಿಯರಿದ್ದಾರೆ, ಅವರಿಗೆ ಬೆಲ್ಲ ಹಾಕಿದ್ದು ಕೊಡಬಹುದಾ? ಯಾರೋ ಚಕ್ಕೋತ ಹಾಕಿದ್ರೆ ಚೆನ್ನಾಗಿರುತ್ತೆ ಅಂದ್ರು, ಅದರ ಬಗ್ಗೆಯೂ ತಿಳಿದವರು ಹೇಳಿ.

ಆಲ್ಕೋಹಾಲ್ ಒಂದು ಹನಿಯೂ ಇರಕೂಡದು, ಇದು ಖಡಾಖಂಡಿತ.

ಕೌಂಟರ್_ಹಿಂದಿನವನು

ಮೇಡಂ, ಒಂದು ಲೋಟದ್ದು ಸರಿ ಮಾಡ್ಕೊಂಡ್ರೆ ಮೂವತ್ತು ಜನದ್ದು ಬರೀ ಗುಣಾಕಾರ. 300 ಮಿ.ಲೀ. ಹಿಡಿಯೋ ಲೋಟ ಇಟ್ಕೊಳ್ಳಿ. ಅದಕ್ಕೆ:

ನಿಂಬೆ ರಸ 15 ಮಿ.ಲೀ.
ಕಿತ್ತಳೆ ರಸ 40 ಮಿ.ಲೀ.
ಸಿಪ್ಪೆ ಸಿರಪ್ 20 ಮಿ.ಲೀ.
ಸೋಡಾ 100 ಮಿ.ಲೀ.
ದೊಡ್ಡ ಐಸ್ ಕ್ಯೂಬ್ ನಾಲ್ಕು, ಒಂದು ಸಣ್ಣ ಚಿಟಿಕೆ ಉಪ್ಪು, ಪುದೀನ ಒಂದು ಕುಡಿ

ಅಳತೆಗೆ ಜಿಗ್ಗರ್ ಬೇಕಾಗಿಲ್ಲ. ಕೆಮ್ಮಿನ ಸಿರಪ್ ಜೊತೆ ಬರೋ ಗೆರೆ ಇರೋ ಪ್ಲಾಸ್ಟಿಕ್ ಕಪ್ಪನ್ನು ತೊಳೆದಿಟ್ಕೊಂಡ್ರೆ ಅದೇ ಸಾಕು. ಕಣ್ಣಂದಾಜಿನಲ್ಲಿ ಹಾಕಿದ್ರೆ ಮೊದಲನೇ ಲೋಟ ಒಂಥರಾ, ಹತ್ತನೇ ಲೋಟ ಇನ್ನೊಂಥರಾ.

ಮೂವತ್ತು ಜನಕ್ಕೆ 45 ಲೋಟ ಅಂತ ಹಿಡೀರಿ. ದೊಡ್ಡವರು ಎರಡನೇದು ಕೇಳ್ತಾರೆ, ಮಕ್ಕಳು ಅರ್ಧ ಕುಡಿದು ಇಟ್ಟು ಓಡ್ತಾರೆ. ಹಾಗಾದ್ರೆ ನಿಂಬೆ ರಸ 675 ಮಿ.ಲೀ., ಅಂದ್ರೆ ಮಧ್ಯಮ ಗಾತ್ರದ ಹಣ್ಣು 50 ತನ್ನಿ. ನಮ್ಮ ನಿಂಬೆ 12ರಿಂದ 18 ಮಿ.ಲೀ. ರಸ ಬಿಡುತ್ತೆ. ಹೊರದೇಶದ ವಿಡಿಯೋದಲ್ಲಿ ತೋರಿಸೋ ದಪ್ಪ ಹಳದಿ ಹಣ್ಣು 40 ಮಿ.ಲೀ. ಮೇಲೆ ಬಿಡುತ್ತೆ, ಆ ಲೆಕ್ಕ ಇಟ್ಕೊಂಡು ಮಾಡೋರದ್ದು ಯಾವಾಗಲೂ ಹುಳಿ ಕಮ್ಮಿ. ಕಿತ್ತಳೆ ರಸ 1.8 ಲೀಟರ್, ಕೆ.ಜಿ.ಗೆ 400 ಮಿ.ಲೀ. ಅಂತ ಹಿಡಿದ್ರೆ ನಾಲ್ಕೂವರೆ ಕೆ.ಜಿ. ಹಣ್ಣು. ಸಿರಪ್ 900 ಮಿ.ಲೀ. ಸೋಡಾ ನಾಲ್ಕೂವರೆ ಲೀಟರ್, 750ರ ಬಾಟಲಿ ಆರು ಸಾಲುತ್ತೆ, ಎಂಟು ತಂದಿಡಿ. ಉಪ್ಪು ಎಲ್ಲಕ್ಕೂ ಸೇರಿ ಒಂದೂವರೆ ಟೀ ಚಮಚ.

ಈಗ ಸಿರಪ್. ಇಡೀ ಪಾನೀಯದ ಜೀವ ಇರೋದೇ ಇಲ್ಲಿ. ಕಿತ್ತಳೆಯ ರಸದಲ್ಲಿ ಸಿಹಿ-ಹುಳಿ ಇರುತ್ತೆ, ಪರಿಮಳ ಇರೋದು ಸಿಪ್ಪೆಯ ಎಣ್ಣೆಯಲ್ಲಿ. ಬರೀ ರಸ ಹಾಕಿ ಸೋಡಾ ಹುಯ್ದ್ರೆ ನೀರು ಬೆರೆಸಿದ ಜ್ಯೂಸ್ ಕುಡಿದ ಹಾಗಿರುತ್ತೆ. ಅದಕ್ಕೇ ಜನ ಇನ್ನೂ ರಸ, ಇನ್ನೂ ಸಕ್ಕರೆ ಅಂತ ಸುರೀತಾ ಹೋಗ್ತಾರೆ.

ಹಿಂದಿನ ರಾತ್ರಿ ಕಿತ್ತಳೆಗಳನ್ನು ಉಗುರುಬೆಚ್ಚಗಿನ ನೀರಲ್ಲಿ ಉಜ್ಜಿ ತೊಳೆದು ಒರೆಸಿ. ಹೊಳೀತಾ ಇರೋ, ಸ್ಟಿಕ್ಕರ್ ಅಂಟಿಸಿರೋ ಆಮದು ಹಣ್ಣಿಗೆ ಮೇಣ ಬಳಿದಿರ್ತಾರೆ, ಸಿಪ್ಪೆಗೆ ಅದು ಬೇಡ. ನಮ್ಮ ಕಿತ್ತಳೆಯ ತೊಗಲು ಸಡಿಲ, ಪೀಲರ್ ಓಡಿಸಿದ್ರೆ ಹರಿದು ಒಳಗಿನ ತೊಳೆಗೇ ಹೋಗುತ್ತೆ. ಕೈಯಲ್ಲೇ ದೊಡ್ಡ ದೊಡ್ಡ ತುಂಡಾಗಿ ಬಿಡಿಸಿ, ಹಲಗೆ ಮೇಲೆ ಬೋರಲು ಹಾಕಿ, ಒಳಗಿನ ಬಿಳೀದನ್ನು ಚಮಚದ ಅಂಚಿಂದ ಕೆರೆದು ತೆಗೀರಿ. ಕೆರೆದ ಮೇಲೆ ಬೆಳಕಿಗೆ ಹಿಡಿದ್ರೆ ಎಣ್ಣೆಯ ಗುಳಿಗಳು ಸಣ್ಣ ಚುಕ್ಕಿಯಾಗಿ ಕಾಣಬೇಕು, ಅಷ್ಟು ತೆಳು. ಬಿಡಿಸಿದ ತೊಳೆಗಳನ್ನು ಡಬ್ಬಿಗೆ ಹಾಕಿ ಮುಚ್ಚಿ ಫ್ರಿಜ್‌ನಲ್ಲಿಡಿ, ಮಾರನೇ ದಿನದ ರಸಕ್ಕೆ ಅವೇ. ಇಂಥ ಸಿಪ್ಪೆ 80 ಗ್ರಾಂ, ಜೊತೆಗೆ ಐದಾರು ಹಸಿರು ನಿಂಬೆಯ ಮೇಲ್ಮೈಯನ್ನು ಸಣ್ಣ ಕಣ್ಣಿನ ತುರಿಮಣೆಯಲ್ಲಿ ಒಂದೇ ಒಂದು ಸಲ ಎಳೆದ ತುರಿ. ಇದಕ್ಕೆ 550 ಗ್ರಾಂ ಸಕ್ಕರೆ ಹಾಕಿ ಕೈಯಲ್ಲಿ ಗಟ್ಟಿಯಾಗಿ ಹಿಸುಕಿ, ಸ್ಟೀಲ್ ಪಾತ್ರೆಯಲ್ಲಿ ಮುಚ್ಚಿಡಿ. ಬೆಳಿಗ್ಗೆ ಹೊತ್ತಿಗೆ ಸಕ್ಕರೆ ಒದ್ದೆ ಮರಳಿನ ಥರ ಆಗಿ, ಮುಚ್ಚಳ ತೆಗೆದ್ರೆ ಅಡುಗೆಮನೆ ತುಂಬಾ ವಾಸನೆ ಬರುತ್ತೆ. ಆಗ 550 ಮಿ.ಲೀ. ಬಿಸಿ ನೀರು ಹಾಕಿ ಕರಗಿಸಿ, ಸೋಸಿ, ಬಾಟಲಿಗೆ ತುಂಬಿ. 900 ಮಿ.ಲೀ. ಹತ್ತಿರ ಬರುತ್ತೆ.

ಸಿಪ್ಪೆ ಹಾಕಿ ಕುದಿಸೋಕೆ ಮಾತ್ರ ಹೋಗ್ಬೇಡಿ. ಎಣ್ಣೆ ಹಬೆ ಜೊತೆ ಹಾರಿಹೋಗುತ್ತೆ, ಕಹಿ ಕೆಳಗೆ ಉಳಿಯುತ್ತೆ.

ಸೋಡಾ ವಿಷಯ: ಜಗ್‌ನಲ್ಲಿ ಬೆರೆಸೋದೇ ಇಲ್ಲ. ನಿಂಬೆ, ಕಿತ್ತಳೆ, ಸಿರಪ್, ಉಪ್ಪು ಬೆರೆಸಿದ್ದು ಒಂದು ಜಗ್‌ನಲ್ಲಿ, ಸೋಡಾ ಅದರ ಬಾಟಲಿಯಲ್ಲೇ. ಲೋಟಕ್ಕೆ ಐಸ್, ಅದರ ಮೇಲೆ 75 ಮಿ.ಲೀ. ಮಿಶ್ರಣ, ಕೊನೆಗೆ ಲೋಟ ಓರೆ ಮಾಡಿ ಗೋಡೆಗುಂಟ ಸೋಡಾ. ಉದ್ದ ಚಮಚ ತಳಕ್ಕಿಳಿಸಿ ಒಂದು ಸಲ ಮೇಲೆತ್ತಿ, ಅಷ್ಟೇ. ಗರಗರ ತಿರುಗಿಸೋ ಅಭ್ಯಾಸ ಇರೋರನ್ನು ಕೌಂಟರ್‌ಗೆ ನಿಲ್ಲಿಸ್ಬೇಡಿ.

ತೊಳೆ_ಬೀಜ_ತಿರುಳು

ಮೇಲಿನವರ ಲೆಕ್ಕ ಸರಿಯಾಗಿದೆ. ಕಹಿ ವಿಚಾರ ನಾನು ಹೇಳ್ತೀನಿ.

ಎರಡು ಥರದ ಕಹಿ ಇದೆ. ಒಂದು, ಬಾಯಿಗಿಟ್ಟ ಕೂಡಲೇ ಗೊತ್ತಾಗೋದು. ಚಕ್ಕೋತದ ತೊಳೆಯ ಮೇಲಿನ ಪೊರೆ ಕಚ್ಚಿದ್ರೆ ಬರುತ್ತಲ್ಲ, ಅದು ನರಿಂಜಿನ್. ಪೊರೆ ಬಿಡಿಸಿದ್ರೆ ಬಹುಪಾಲು ಹೋಯ್ತು. ಎರಡನೇದು ನೀವು ಕೇಳ್ತಿರೋದು: ಹಿಂಡಿದಾಗ ಸಿಹಿ, ನಾಲ್ಕು ಗಂಟೆ ಬಿಟ್ಟು ಕುಡಿದ್ರೆ ಕಹಿ. ಇದು ಲಿಮೋನಿನ್. ಹಣ್ಣು ಇಡಿಯಾಗಿದ್ದಾಗ ಸಿಪ್ಪೆಯೊಳಗಿನ ಬಿಳಿ ತಿರುಳಿನಲ್ಲಿ, ಪೊರೆಯಲ್ಲಿ ಇದರ ಹಿಂದಿನ ರೂಪ ಇರುತ್ತೆ, ಅದಕ್ಕೆ ಕಹಿ ಇಲ್ಲ. ಹಿಂಡಿದಾಗ ಅದು ಹುಳಿ ರಸಕ್ಕೆ ಸೇರಿ ನಿಧಾನವಾಗಿ ಲಿಮೋನಿನ್ ಆಗಿ ಬದಲಾಗುತ್ತೆ. ಬೀಜದಲ್ಲಂತೂ ಲಿಮೋನಿನ್ ತುಂಬಾನೇ ಇರುತ್ತೆ. ಲೀಟರ್ ರಸದಲ್ಲಿ ಸುಮಾರು 6 ಮಿಲಿಗ್ರಾಂ ಆದ್ರೂ ನಾಲಿಗೆಗೆ ಗೊತ್ತಾಗಿಬಿಡುತ್ತೆ. ಆದ್ದರಿಂದ ಒಂದು ಕೆ.ಜಿ. ಹಣ್ಣಿನ ಬೀಜ ಮಿಕ್ಸಿಯಲ್ಲಿ ನುರಿದ್ರೆ ಇಡೀ ಜಗ್ ಕೆಟ್ಟಂತೆ.

ಮೋಸಂಬಿ ಮತ್ತು ಚಳಿಗಾಲದಲ್ಲಿ ಗಾಡಿ ಮೇಲೆ ರಾಶಿ ಹಾಕಿ ಮಾರೋ ಕಿನ್ನೋ ಈ ವಿಷಯದಲ್ಲಿ ಕುಖ್ಯಾತ. ಬಲಿಯದ ಹಣ್ಣಲ್ಲಿ ಇನ್ನೂ ಜಾಸ್ತಿ, ಪೂರ್ತಿ ಹಣ್ಣಾದ ಹಾಗೆಲ್ಲ ಕಮ್ಮಿ.

ತಡೆಯೋಕೆ ಮಾಡಬೇಕಾದ್ದು: ಮೋಸಂಬಿಯೇ ಆದ್ರೆ ಬಡಿಸೋಕೆ ಒಂದು ಗಂಟೆ ಮೊದಲು ಹಿಂಡಿ. ಮಿಕ್ಸಿ ಬೇಡ, ಅಡ್ಡಲಾಗಿ ಕತ್ತರಿಸಿ ಗುಬುಟು ಇರೋ ಹಿಂಡೋ ತಟ್ಟೆ ಮೇಲೆ ತಿರುಗಿಸಿ. ಒಣಗಿದ ಸದ್ದು ಬರೋವರೆಗೂ ಒತ್ತಬೇಡಿ, ಕೊನೆಯ ಎರಡು ಚಮಚದಲ್ಲಿ ರಸಕ್ಕಿಂತ ಬಿಳಿ ತಿರುಳಿನ ಸಾರವೇ ಜಾಸ್ತಿ. ತಕ್ಷಣ ಸೋಸಿ, ಯಾಕಂದ್ರೆ ತೇಲಾಡೋ ಪೊರೆಯ ಚೂರುಗಳು ಜಗ್‌ನಲ್ಲೇ ಕಹಿ ಬಿಡ್ತಾ ಇರುತ್ತವೆ. ಆಮೇಲೆ ಫ್ರಿಜ್. ತಣ್ಣಗಿದ್ರೆ ಈ ಬದಲಾವಣೆ ನಿಧಾನ ಆಗುತ್ತೆ, ನಿಲ್ಲಲ್ಲ. ಬಿಸಿ ಮಾಡಿದ್ರೆ ಬೇಗ ಆಗುತ್ತೆ. ಕೆಡಬಾರದು ಅಂತ ರಸ ಕುದಿಸಿ ಇಡೋದು ಅದಕ್ಕೇ ತಪ್ಪು.

ಸಕ್ಕರೆ ಹೆಚ್ಚು ಮಾಡಿದ್ರೆ ಈ ಕಹಿ ಪೂರ್ತಿ ಮುಚ್ಚಲ್ಲ, ಗಂಟಲಲ್ಲಿ ಉಳಿಯುತ್ತೆ. ಉಪ್ಪು ಸ್ವಲ್ಪ ಮಟ್ಟಿಗೆ ಮುಚ್ಚುತ್ತೆ. ಮೇಲಿನವರು ಹೇಳಿದ ಚಿಟಿಕೆಗೆ ಬರೀ ರುಚಿಯ ಕಾರಣ ಅಲ್ಲ, ಇದೂ ಒಂದು ಕಾರಣ.

ನಿಂಬೆ ರಸ ಅಷ್ಟು ನಾಜೂಕಿಲ್ಲ. ಬೆಳಿಗ್ಗೆ ಹಿಂಡಿ ಸೋಸಿ ಫ್ರಿಜ್‌ನಲ್ಲಿಟ್ಟರೆ ಸಂಜೆಗೆ ಏನೂ ಆಗಲ್ಲ. ಮಾರನೇ ದಿನಕ್ಕೆ ಮಾತ್ರ ಅದರ ಘಮ ಹೋಗಿ ಹಳಸಲು ವಾಸನೆ ಹತ್ತುತ್ತೆ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಯಾವ ಹುಳಿ ರಸವನ್ನೂ ಇಡಬೇಡಿ. ಸ್ಟೀಲ್, ಗಾಜು, ಪಿಂಗಾಣಿ ಆಗುತ್ತೆ.

ಚಕ್ಕೋತಕ್ಕೆ ಬರೋಣ. ರುಚಿಗೆ ಬಹಳ ಒಳ್ಳೇದು, ತೊಳೆಯ ಪೊರೆ ಪೂರ್ತಿ ಬಿಡಿಸಿ, ಮುತ್ತಿನಂಥ ರಸದ ಕಾಳುಗಳನ್ನು ಕೈಯಲ್ಲೇ ಕಿವುಚಿ, ಲೋಟಕ್ಕೆ 50 ಮಿ.ಲೀ. ಹಾಕಿ. ಆದರೆ ನಿಮ್ಮಲ್ಲಿ ಹಿರಿಯರು ಬರ್ತಾರೆ ಅಂದ್ರಿ. ದ್ರಾಕ್ಷಿಹಣ್ಣಿನ ಹೆಸರಲ್ಲಿ ಕರೆಯೋ ಗ್ರೇಪ್‌ಫ್ರೂಟ್ ಹಾಗೂ ಚಕ್ಕೋತ, ಎರಡರಲ್ಲೂ ಕೆಲವು ಮಾತ್ರೆಗಳನ್ನು ಕರುಳು ಒಡೆಯದಂತೆ ತಡೆಯೋ ಅಂಶ ಇದೆ. ಕೊಲೆಸ್ಟರಾಲ್‌ಗೆ ಕೊಡೋ ಸಿಮ್ವಾಸ್ಟಾಟಿನ್, ಅಟೋರ್ವಾಸ್ಟಾಟಿನ್, ಬಿ.ಪಿ.ಗೆ ಕೊಡೋ ಫೆಲೋಡಿಪಿನ್, ನಿಫೆಡಿಪಿನ್ ಇಂಥವು ರಕ್ತದಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚಾಗುತ್ತವೆ. ಮಾತ್ರೆ ಬೆಳಿಗ್ಗೆ ನುಂಗಿ ಚಕ್ಕೋತ ಸಂಜೆ ಕುಡಿದ್ರೆ ತೊಂದರೆಯಿಲ್ಲ ಅನ್ನೋ ಹಾಗೂ ಇಲ್ಲ, ಅದರ ಪ್ರಭಾವ ಒಂದು ದಿನದ ಮೇಲೂ ಇರುತ್ತೆ. ಯಾರು ಯಾವ ಮಾತ್ರೆ ತಗೊಳ್ತಾರೆ ಅಂತ ಎಲ್ಲರನ್ನೂ ಕೇಳ್ತಾ ಕೂರೋಕಾಗಲ್ಲ, ಹಾಗಾಗಿ ಈ ಥರ ಕೂಟಕ್ಕೆ ಚಕ್ಕೋತ ಬಿಟ್ಟುಬಿಡಿ. ಮನೆಯವರೇ ಕುಡಿಯೋವಾಗ ಮಾಡಿ. ಮೋಸಂಬಿ, ಮಾಮೂಲಿ ಕಿತ್ತಳೆಗೆ ಈ ತಾಪತ್ರಯ ಇಲ್ಲ.

ಕೆರಗೋಡು_ಕಡೆಯವ (ಮಂಡ್ಯ)

ಅಕ್ಕ, ಸಕ್ಕರೆ ಕಾಯಿಲೆಯವ್ರಿಗೆ ಬೆಲ್ಲ ಕೊಡಬೌದಾ ಅಂತ ಕೇಳಿದ್ರಲ್ಲ. ಬೆಲ್ಲ ಮಾರೋ ಊರಿನವನೇ ಹೇಳ್ತೀನಿ ಕೇಳಿ, ಕೊಡಬ್ಯಾಡಿ. ಬೆಲ್ಲದಲ್ಲೂ ಇರೋದು ಸಕ್ಕರೇನೇ, ಜೊತೆಗೆ ಒಂಚೂರು ನೀರು, ಒಂಚೂರು ಖನಿಜ. ರಕ್ತಕ್ಕೆ ಹೋದ್ಮೇಲೆ ಅದಕ್ಕೇನು ನಾನು ಬೆಲ್ಲ ಅಂತ ಗೊತ್ತಿರುತ್ತಾ? ಅವರಿಬ್ಬರಿಗೆ ಕಿತ್ತಳೆ ರಸನೂ ಬೇಡ, ಸಿರಪ್ಪೂ ಬೇಡ. ನಿಂಬೆ ರಸ 15, ಶುಂಠಿ ರಸ ಅರ್ಧ ಟೀ ಚಮಚ, ಕಪ್ಪುಪ್ಪು ಚಿಟಿಕೆ, ಜಜ್ಜಿದ ಪುದೀನ, ಕಿತ್ತಳೆ ಸಿಪ್ಪೆ ಒಂದು ತುಂಡನ್ನ ಲೋಟದ ಮೇಲೆ ಮಡಿಸಿ ಹಿಂಡಿ, ಸೋಡಾ 150. ಸಿಪ್ಪೆ ಮಡಿಸಿದಾಗ ಸಣ್ಣಗೆ ಚಿಮ್ಮುತ್ತಲ್ಲ ಎಣ್ಣೆ, ಆ ವಾಸನೆಗೇ ಸಿಹಿ ಇದ್ದಂಗೆ ಅನ್ಸುತ್ತೆ.

ಉಳಿದವ್ರಿಗೆ ಬೆಲ್ಲದ್ದು ಮಾಡೋದಾದ್ರೆ ಬೇರೆನೇ ಜಗ್ ಇಡಿ. ಕಿತ್ತಳೆ ಜೊತೆ ಬೆಲ್ಲ ಹೊಂದಲ್ಲ, ಬಣ್ಣ ಕೆಸರಂಗಾಗುತ್ತೆ, ಕಿತ್ತಳೆ ಘಮ ಮುಚ್ಚೋಗುತ್ತೆ. ಬೆಲ್ಲಕ್ಕೆ ಗಜನಿಂಬೆ ಇಲ್ಲ ಹೇರಳೆಕಾಯಿ ಸರಿ. ರಾಮನವಮಿ ಪಾನಕದ ದಾರೀಲೇ ಹೋಗಿ: ಅಚ್ಚು ಬೆಲ್ಲ 400 ಗ್ರಾಂ ಪುಡಿ ಮಾಡಿ 300 ಮಿ.ಲೀ. ನೀರಲ್ಲಿ ಕರಗಿಸಿ ಒಂದು ಕುದಿ ಬರ್ಸಿ, ಮೇಲೆ ಬರೋ ನೊರೆ ಸೌಟಲ್ಲಿ ತೆಗೀರಿ. ಕಬ್ಬಿನ ಸಿಬರು, ಮಣ್ಣು ಎಲ್ಲ ಅದರಲ್ಲೇ ಬರೋದು. ಆಮೇಲೆ ಮಲ್ಲುಬಟ್ಟೆಲಿ ಸೋಸಿ. ಸ್ಟೀಲ್ ಜಾಲರಿ ಸಾಲಲ್ಲ, ತಳದಲ್ಲಿ ಮರಳು ಸಿಗುತ್ತೆ. ಆರಿದ್ಮೇಲೆ ಏಲಕ್ಕಿ ನಾಲ್ಕು, ಕಾಳು ಮೆಣಸು ಎಂಟು, ಎರಡಿಂಚು ಶುಂಠಿ ಜಜ್ಜಿ ಹಾಕಿ ಒಂದು ಗಂಟೆ ಬಿಟ್ಟು ಮತ್ತೆ ಸೋಸ್ಬುಡಿ. ಲೋಟಕ್ಕೆ ಇದು 25, ಹುಳಿ ರಸ 15, ಸೋಡಾ 120.

ನೋಡ್ಕೊಳ್ಳಿ, ಬೆಲ್ಲದ ನೀರಿಗೆ ಸೋಡಾ ಬಿದ್ರೆ ನೊರೆ ಉಕ್ಕುತ್ತೆ. ಲೋಟದಲ್ಲಿ ಮೂರು ಬೆರಳು ಜಾಗ ಬಿಟ್ಟು ಎರಡು ಕಂತಲ್ಲಿ ಹುಯ್ಯಿ. ಬೆಲ್ಲ ತರುವಾಗ ಬೆಳ್ಳಗೆ ಹಳದಿಯಾಗಿ ಫಳಫಳ ಅನ್ನೋದು ತರಬ್ಯಾಡಿ, ಅದಕ್ಕೆ ಬಣ್ಣ ಬರಲಿ ಅಂತ ಹೈಡ್ರೋಸ್ ಅನ್ನೋ ಬಿಳುಪು ಮಾಡೋ ರಾಸಾಯನಿಕ ಹಾಕಿರ್ತಾರೆ. ಕಂದು ಬಣ್ಣದ್ದೇ ಕೇಳಿ ತಗೊಳ್ಳಿ.

ಒಂಟಿಕೊಪ್ಪಲು_44

ಇಷ್ಟೆಲ್ಲ ಯಾಕೆ? ಸೋಡಾ ಬಾಟಲಿ ಬದಲು ಬಡಿಸೋ ಹೊತ್ತಲ್ಲಿ ಲೋಟಕ್ಕೆ ಅರ್ಧ ಚಮಚ ಅಡುಗೆ ಸೋಡಾ ಹಾಕಿದ್ರೆ ಬುಸ್ ಅಂತ ಉಕ್ಕುತ್ತೆ. ಮಕ್ಕಳಿಗೆ ಅದೇ ಮಜಾ, ಖರ್ಚೂ ಇಲ್ಲ.

ತೊಳೆ_ಬೀಜ_ತಿರುಳು

ಸಾರ್, ಮಜಾ ಹತ್ತು ಸೆಕೆಂಡಿನದು. ಲೆಕ್ಕ ನೋಡಿ: ನಿಂಬೆ ರಸದಲ್ಲಿ ಹುಳಿ ಸುಮಾರು ಶೇ. 6, ಅಂದ್ರೆ 15 ಮಿ.ಲೀ.ನಲ್ಲಿ 0.9 ಗ್ರಾಂ. ಒಂದು ಗ್ರಾಂ ಅಡುಗೆ ಸೋಡಾ ಮುಕ್ಕಾಲು ಗ್ರಾಂ ಸಿಟ್ರಿಕ್ ಹುಳಿಯನ್ನು ಮುಗಿಸುತ್ತೆ. ಅರ್ಧ ಟೀ ಚಮಚ ಅಂದ್ರೆ ಎರಡೂವರೆ ಗ್ರಾಂ ಹತ್ತಿರ. ಅದು ಎರಡು ನಿಂಬೆಹಣ್ಣಿನ ಹುಳಿ ತಿಂದುಹಾಕುತ್ತೆ. ನಿಮ್ಮ ಲೋಟದಲ್ಲಿರೋದು ಒಂದು ಹಣ್ಣಿನದು. ಹುಳಿಯೆಲ್ಲ ಹೋಗಿ, ಮಿಕ್ಕ ಸೋಡಾ ಸೋಪಿನ ನೀರಿನ ರುಚಿ ಕೊಡುತ್ತೆ. ಉಕ್ಕಿದ ಗ್ಯಾಸ್ ಗಾಳಿಗೆ ಹೋಗುತ್ತೆ, ಪಾನೀಯದಲ್ಲಿ ಕರಗಿ ಉಳಿಯಲ್ಲ. ಬಾಟಲಿ ಸೋಡಾದಲ್ಲಿ ಒತ್ತಡ ಹಾಕಿ ಕರಗಿಸಿರ್ತಾರೆ, ಅದು ಬೇರೆ ವಿಷಯ.

ಕೌಂಟರ್_ಹಿಂದಿನವನು

ಹೌದು. ಅದೇ ಕಾರಣಕ್ಕೆ ಸಕ್ಕರೆ, ಉಪ್ಪು, ಚಾಟ್ ಮಸಾಲೆ ಯಾವುದನ್ನೂ ಪುಡಿಯಾಗಿ ಸೋಡಾ ಮೇಲೆ ಉದುರಿಸ್ಬಾರದು. ಪ್ರತಿ ಹರಳಿನ ಸುತ್ತ ಗುಳ್ಳೆ ಕಟ್ಟಿ ಗ್ಯಾಸೆಲ್ಲ ಒಂದೇ ಸಲ ಹೊರಗೆ ಬರುತ್ತೆ. ಉಪ್ಪನ್ನು ಮೊದಲೇ ರಸದಲ್ಲಿ ಕರಗಿಸಿರಬೇಕು.

ಇನ್ನೊಂದು, ಸೋಡಾ ತಣ್ಣಗಿರೋದು ಐಸ್‌ಗಿಂತ ಮುಖ್ಯ. 25 ಡಿಗ್ರಿ ನೀರಲ್ಲಿ ಕರಗೋ ಗ್ಯಾಸ್‌ಗಿಂತ 4 ಡಿಗ್ರಿಯಲ್ಲಿ ಹೆಚ್ಚುಕಮ್ಮಿ ಎರಡರಷ್ಟು ಕರಗುತ್ತೆ. ಏಪ್ರಿಲ್ ಟೆರೇಸ್ ಮೇಲೆ ಬಿಸಿಲಲ್ಲಿಟ್ಟ ಬಾಟಲಿ ತೆರೆದ್ರೆ ಅರ್ಧ ಗ್ಯಾಸ್ ಮುಚ್ಚಳದ ಜೊತೆಗೇ ಹೋಯ್ತು. ಬಾಟಲಿಗಳು ಹಿಂದಿನ ರಾತ್ರಿಯಿಂದ ಫ್ರಿಜ್‌ನಲ್ಲಿರಲಿ, ಸಂಜೆ ಟಬ್‌ನಲ್ಲಿ ಐಸ್ ನೀರು ಹಾಕಿ ಅದರಲ್ಲಿ ನಿಲ್ಲಿಸಿ. ಬರೀ ಐಸ್ ಅಲ್ಲ, ಐಸ್ ಮತ್ತು ನೀರು. ನೀರು ಬಾಟಲಿಯ ಮೈಗೆಲ್ಲ ತಾಗುತ್ತೆ, ಬೇಗ ತಣಿಯುತ್ತೆ. ಒಂದು ಬಾಟಲಿ ಮುಗಿದ ಮೇಲೇ ಇನ್ನೊಂದು ತೆಗೀರಿ. ಗೋಲಿ ಸೋಡಾ ಸಿಕ್ಕಿದ್ರೆ ಇನ್ನೂ ವಾಸಿ, ಒಂದು ಬಾಟಲಿಗೆ ಎರಡು ಲೋಟದ ಹಾಗೆ ಆಗಿಹೋಗುತ್ತೆ, ಉಳಿಯೋ ಪ್ರಶ್ನೆಯೇ ಇಲ್ಲ. ಮಕ್ಕಳು ಗೋಲಿ ಒತ್ತೋಕೆ ಜಗಳ ಆಡ್ತಾರೆ, ಅದಕ್ಕೆ ನಾನು ಜವಾಬ್ದಾರನಲ್ಲ.

ಐಸ್ ಬಗ್ಗೆ: ಲೋಟಕ್ಕೆ ಹಾಕೋದು ನಾಲ್ಕು ಕೆ.ಜಿ., ಟಬ್‌ಗೆ ಐದಾರು ಕೆ.ಜಿ. ಟಬ್‌ಗೆ ಐಸ್ ಫ್ಯಾಕ್ಟರಿಯ ಬಾರ್ ಆಗುತ್ತೆ, ಲೋಟಕ್ಕೆ ಅದು ಬೇಡವೇ ಬೇಡ. ಅದು ಮೀನಿಗೆ, ಹಾಲಿನ ಕ್ಯಾನ್ ತಣಿಸೋಕೆ ಮಾಡಿರೋದು. ಲೋಟದ್ದು ಪ್ಯಾಕೆಟ್ ಐಸ್, ಇಲ್ಲ ಮನೆಯಲ್ಲೇ ಮೂರು ದಿನ ಮೊದಲಿಂದ ಟ್ರೇಯಲ್ಲಿ ಮಾಡಿ ಕವರ್‌ಗೆ ತುಂಬ್ತಾ ಹೋಗಿ. ಬೋರ್‌ವೆಲ್ ನೀರಿನ ಐಸ್ ಕರಗಿದ್ರೆ ತಳದಲ್ಲಿ ಬಿಳಿ ಪುಡಿ ನಿಲ್ಲುತ್ತೆ, ಫಿಲ್ಟರ್ ನೀರೇ ಹಾಕಿ. ಕವರ್ ಬಾಯಿ ಬಿಗಿಯಾಗಿ ಕಟ್ಟದಿದ್ರೆ ಫ್ರೀಜರ್‌ನಲ್ಲಿರೋ ಮಟನ್ ವಾಸನೆ ಎಲ್ಲ ಐಸ್‌ಗೆ ಹತ್ತುತ್ತೆ. ಸಣ್ಣ ಸಣ್ಣ ತೇವದ ತುಂಡುಗಳು ಎರಡು ನಿಮಿಷಕ್ಕೆ ಕರಗಿ ಪಾನೀಯ ನೀರಾಗಿಸ್ತವೆ. ದೊಡ್ಡ ಕ್ಯೂಬ್, ನೀರು ಬಸಿದು, ಆಗಷ್ಟೇ ತೆಗೆದದ್ದು.

ವಿಜಯನಗರ_ಎರಡನೇ_ಹಂತ (ಮೈಸೂರು)

ಎಲ್ಲರಿಗೂ ಧನ್ಯವಾದ. ಚಕ್ಕೋತ ಬಿಟ್ಟೆ. ಇನ್ನೆರಡು: ಪುದೀನ ಕಪ್ಪಾಗದ ಹಾಗೆ ಹೇಗೆ? ಏಪ್ರಿಲ್‌ನಲ್ಲಿ ಒಳ್ಳೆ ಕಿತ್ತಳೆ ಸಿಗುತ್ತಾ? ನಿಂಬೆಹಣ್ಣಿನ ರೇಟು ಆ ಹೊತ್ತಿಗೆ ಕೈಗೆಟುಕೋ ಹಾಗೆ ಇರಲ್ಲ, 50 ಹಣ್ಣು ಬೇಕೇ ಬೇಕಾ?

ದೇವರಾಜ_ಮಾರ್ಕೆಟ್_ದಿನಾ

ಕಿತ್ತಳೆ: ಕೊಡಗಿನದು ಮುಖ್ಯ ಬೆಳೆ ಚಳಿಗಾಲಕ್ಕೇ ಮುಗಿದಿರುತ್ತೆ. ನಾಗಪುರದ್ದು ಎರಡನೇ ಬೆಳೆ ಫೆಬ್ರವರಿ, ಮಾರ್ಚ್‌ಗೆ ಬರುತ್ತೆ, ಏಪ್ರಿಲ್‌ನಲ್ಲಿ ಉಳಿದಿದ್ದು ಸಿಗಬಹುದು, ಆದರೆ ಒಳಗೆ ಒಣಗಿರೋದು ಜಾಸ್ತಿ. ಕೈಯಲ್ಲಿ ತೂಗಿ ನೋಡಿ, ಗಾತ್ರಕ್ಕಿಂತ ಭಾರ ಇರಬೇಕು. ತೊಗಲು ಉಬ್ಬಿ ಒಳಗೆ ಗಾಳಿ ತುಂಬಿದಂಗಿದ್ರೆ ಬಿಟ್ಟುಬಿಡಿ. ಸಿಗದಿದ್ರೆ ಮೋಸಂಬಿಗೆ ಹೋಗಿ. ಆದರೆ ಮೋಸಂಬಿಯಲ್ಲಿ ಹುಳಿ ಬಹಳ ಕಮ್ಮಿ, ನಿಂಬೆ 15ರ ಬದಲು 18-20 ಮಿ.ಲೀ. ಬೇಕಾಗುತ್ತೆ. ಅದರ ಸಿಪ್ಪೆಗೆ ಪೀಲರ್ ಚೆನ್ನಾಗಿ ಓಡುತ್ತೆ, ತೆಳುವಾಗಿ ಹಸಿರು-ಹಳದಿ ಭಾಗ ಮಾತ್ರ ತೆಗೀರಿ.

ನಿಂಬೆ: ನಯವಾದ, ತೆಳು ತೊಗಲಿನ, ಒತ್ತಿದ್ರೆ ಸ್ವಲ್ಪ ಬಗ್ಗೋ ಹಳದಿ ಹಣ್ಣು ರಸಕ್ಕೆ. ಗಟ್ಟಿ ಹಸಿರು ಹಣ್ಣು ಸಿಪ್ಪೆ ತುರಿಯೋಕೆ. ಎರಡೂ ಬೇರೆ ಬೇರೆ ಆರಿಸಿ. ಹಿಂಡೋಕೆ ಮೊದಲು ಹತ್ತು ನಿಮಿಷ ಉಗುರುಬೆಚ್ಚಗಿನ ನೀರಲ್ಲಿ ಹಾಕಿ, ಹಲಗೆ ಮೇಲೆ ಅಂಗೈಯಿಂದ ಉರುಳಿಸಿ. ಫ್ರಿಜ್‌ನಿಂದ ತೆಗೆದ ಹಾಗೇ ಹಿಂಡಿದ್ರೆ ರಸ ಬಿಡಲ್ಲ. ಕೈ ಒತ್ತೋ ಸ್ಕ್ವೀಜರ್ ಇದ್ರೆ ಕತ್ತರಿಸಿದ ಮುಖ ಕೆಳಗೆ, ತೂತಿನ ಕಡೆ ಇಡಬೇಕು. ತುಂಬಾ ಜನ ಬಟ್ಟಲಿನ ಆಕಾರಕ್ಕೆ ಹೊಂದುತ್ತೆ ಅಂತ ತಿರುಗುಮುರುಗು ಇಡ್ತಾರೆ, ರಸ ಮುಖಕ್ಕೆ ಹಾರುತ್ತೆ.

ರೇಟು ಏರಿದ್ರೆ ಅರ್ಧ ಹಣ್ಣು, ಅರ್ಧ ನಿಂಬೆ ಉಪ್ಪು ಮಾಡಿ. ದಿನಸಿ ಅಂಗಡಿಯಲ್ಲಿ ಸಿಟ್ರಿಕ್ ಆಸಿಡ್ ಅಂತ ಕೇಳಿದ್ರೂ ಕೊಡ್ತಾರೆ. 100 ಮಿ.ಲೀ. ನೀರಿಗೆ 6 ಗ್ರಾಂ ಕರಗಿಸಿದ್ರೆ ನಿಂಬೆ ರಸದಷ್ಟೇ ಹುಳಿ. 350 ಮಿ.ಲೀ. ರಸ, 325 ಮಿ.ಲೀ. ಈ ನೀರು. ಪೂರ್ತಿ ಇದರಲ್ಲೇ ಮಾಡಿದ್ರೆ ಪೆಪ್ಪರ್‌ಮೆಂಟ್ ರುಚಿ ಬರುತ್ತೆ. ಅರ್ಧಕ್ಕರ್ಧ ಇದ್ದು ಸಿಪ್ಪೆ ಸಿರಪ್ ಗಟ್ಟಿಯಾಗಿದ್ರೆ ಯಾರಿಗೂ ಗೊತ್ತಾಗಲ್ಲ.

ಪುದೀನ ಮಿಕ್ಸಿಗೆ ಹಾಕ್ಬೇಡಿ, ಎಲೆ ಛಿದ್ರ ಆದ್ರೆ ಗಾಳಿ ತಾಗಿ ಕಪ್ಪಾಗುತ್ತೆ, ಹುಲ್ಲಿನ ವಾಸನೆಯೂ ಬರುತ್ತೆ. ಕುಡಿಯನ್ನು ಅಂಗೈ ಮೇಲಿಟ್ಟು ಇನ್ನೊಂದು ಕೈಯಿಂದ ಒಂದು ಏಟು ತಟ್ಟಿ ಲೋಟಕ್ಕೆ ಹಾಕಿ, ಸಾಕು. ಕಾಮಕಸ್ತೂರಿ ಬೀಜ ಹಾಕೋ ಯೋಚನೆ ಇದ್ರೆ ಬರೀ ನೀರಲ್ಲಿ 20 ನಿಮಿಷ ನೆನೆಸಿ ಆಮೇಲೆ ಲೋಟಕ್ಕೆ ಹಾಕಿ, ಹುಳಿ ರಸದಲ್ಲಿ ನೇರವಾಗಿ ಹಾಕಿದ್ರೆ ಸರಿಯಾಗಿ ಉಬ್ಬಲ್ಲ.

ಕೌಂಟರ್_ಹಿಂದಿನವನು

ಸೇರಿಸೋದು ಒಂದಿಷ್ಟು. ದೊಡ್ಡವರಿಗೆ ಇದು ಬರೀ ಶರಬತ್ತು ಅನ್ನಿಸಬಾರದು ಅಂದ್ರೆ ಗಂಟಲಿಗೆ ಸ್ವಲ್ಪ ಚುರುಕು, ನಾಲಿಗೆಗೆ ಸ್ವಲ್ಪ ಒಗರು ಬೇಕು. ಚುರುಕಿಗೆ ಶುಂಠಿ ರಸ, ಲೋಟಕ್ಕೆ ಅರ್ಧ ಟೀ ಚಮಚ. ತುರಿದು ಹಿಂಡಿ ಹತ್ತು ನಿಮಿಷ ಬಿಟ್ರೆ ತಳಕ್ಕೆ ಬಿಳಿ ಗಸಿ ಕೂರುತ್ತೆ, ಮೇಲಿನ ತಿಳಿ ಮಾತ್ರ ತಗೊಳ್ಳಿ. ಒಗರಿಗೆ ತಣ್ಣೀರಲ್ಲಿ ನೆನೆಸಿದ ಟೀ: ಎಲೆ ಟೀ 5 ಗ್ರಾಂ, ನೀರು ಅರ್ಧ ಲೀಟರ್, ಫ್ರಿಜ್‌ನಲ್ಲಿ ಆರು ಗಂಟೆ, ಸೋಸಿ ಲೋಟಕ್ಕೆ 30 ಮಿ.ಲೀ. ಹಾಕಿ ಸೋಡಾ ಅಷ್ಟು ಕಮ್ಮಿ ಮಾಡಿ. ಮಕ್ಕಳ ಲೋಟಕ್ಕೆ ಎರಡೂ ಬೇಡ.

ನೆಟ್ ರೆಸಿಪಿಗಳಲ್ಲಿ "ಎರಡು ಹನಿ ಬಿಟರ್ಸ್" (ಕಹಿ ಗಿಡಮೂಲಿಕೆಗಳ ಸಾರ) ಅಂತ ಬರೆದಿರ್ತಾರೆ. ಅಂಗೋಸ್ಟುರಾ ಬಿಟರ್ಸ್‌ನಲ್ಲಿ ಆಲ್ಕೋಹಾಲ್ ಶೇ. 44.7. ಒಂದು ಹನಿಯೂ ಬೇಡ ಅಂದ ಮೇಲೆ ಅದನ್ನು ಮುಟ್ಟೋ ಹಾಗಿಲ್ಲ.

ಲೋಟ ಥರ್ಮಾಕೋಲ್‌ದು ಬೇಡ. ಸಿಪ್ಪೆ ಎಣ್ಣೆಯಲ್ಲಿರೋ ಲಿಮೊನೀನ್ (ಮೇಲೆ ಹೇಳಿದ ಕಹಿಯ ಲಿಮೋನಿನ್ ಅಲ್ಲ, ಇದು ಬೇರೆ) ಅದನ್ನು ಕರಗಿಸುತ್ತೆ. ಅದೇ ಎಣ್ಣೆ ಬಲೂನಿಗೂ ಆಗಲ್ಲ. ಕಿತ್ತಳೆ ಸಿಪ್ಪೆ ಹಿಂಡಿದ ಕೈಯಲ್ಲಿ ಹುಟ್ಟುಹಬ್ಬದ ಬಲೂನು ಕಟ್ಟೋಕೆ ಹೋದ್ರೆ ಒಂದೊಂದೇ ಢಬ್ ಅನ್ನುತ್ತೆ. ಬಲೂನು ಕೆಲಸ ಬೇರೆಯವರಿಗೆ ಕೊಡಿ.

ತೊಳೆ_ಬೀಜ_ತಿರುಳು

ಟೆರೇಸ್ ಅಂದ್ರಿ ಅಂತ ನೆನಪಾಯ್ತು. ನಿಂಬೆ ಹಿಂಡಿದ ಕೈ ಸೋಪು ಹಾಕಿ ತೊಳೆಯದೆ ಬಿಸಿಲಿಗೆ ಹೋಗಬಾರದು. ರಸ, ಸಿಪ್ಪೆ ಎಣ್ಣೆ ತಾಗಿದ ಚರ್ಮಕ್ಕೆ ಬಿಸಿಲು ಬಿದ್ರೆ ಸುಟ್ಟ ಹಾಗೆ ಕೆಂಪಾಗಿ, ಒಂದೆರಡು ದಿನಕ್ಕೆ ಗುಳ್ಳೆ ಏಳುತ್ತೆ, ಕಂದು ಕಲೆ ವಾರಗಟ್ಟಲೆ ಇರುತ್ತೆ. ಮಕ್ಕಳು ಹಿಂಡ್ತೀನಿ ಅಂತ ಬಂದ್ರೆ ಒಳಗೇ ಕೂರಿಸಿ ಹಿಂಡಿಸಿ.

ವಿಜಯನಗರ_ಎರಡನೇ_ಹಂತ (ಮೈಸೂರು)

ಸರಿ, ಬರ್ಕೊಂಡೆ. ಹಿಂದಿನ ರಾತ್ರಿ ಸಿಪ್ಪೆ-ಸಕ್ಕರೆ, ಬೆಳಿಗ್ಗೆ ಸಿರಪ್ ಮತ್ತು ನಿಂಬೆ ರಸ, 4.30ಕ್ಕೆ ಕಿತ್ತಳೆ ಅಥವಾ ಮೋಸಂಬಿ, ಸೋಡಾ ಲೋಟದಲ್ಲೇ. ಮಿಶ್ರಣ ಉಳಿದ್ರೆ ಏನು ಮಾಡೋದು?

ಕೌಂಟರ್_ಹಿಂದಿನವನು

ಸಮಯ ಸರಿ ಇದೆ. ಬೆಲ್ಲದ ಜಗ್ ಇಟ್ರೆ ಅದರ ಮೇಲೆ ಚೀಟಿ ಅಂಟಿಸಿ, ಹಿರಿಯರ ಸಿಹಿ ಇಲ್ಲದ್ದನ್ನು ನೀವೇ ಕೈಯಲ್ಲಿ ಕೊಡಿ, ಇಲ್ಲಾಂದ್ರೆ ಗಲಾಟೆಯಲ್ಲಿ ಅದಲು ಬದಲಾಗುತ್ತೆ.

ಕಿತ್ತಳೆ ರಸ ಸೇರಿದ ಮಿಶ್ರಣ ಉಳಿದ್ರೆ ಅವತ್ತು ರಾತ್ರಿಯೇ ಐಸ್ ಟ್ರೇಗೆ ಹುಯ್ದು ಫ್ರೀಜರ್‌ಗೆ ಹಾಕಿ, ಗಟ್ಟಿಯಾದ ಮೇಲೆ ಕವರ್‌ಗೆ. ಫ್ರಿಜ್‌ನಲ್ಲಿ ಇಟ್ರೆ ಬೆಳಿಗ್ಗೆಗೆ ಕಹಿ. ನಾಲ್ಕೈದು ತುಂಡು ಲೋಟಕ್ಕೆ ಹಾಕಿ ಸೋಡಾ ಹುಯ್ದ್ರೆ ಆಯ್ತು, ಬೇರೆ ಐಸ್ ಬೇಡ. ಬರೀ ಸಿರಪ್ ಉಳಿದ್ರೆ ಫ್ರಿಜ್‌ನಲ್ಲಿ ಎರಡು ವಾರ ಇರುತ್ತೆ, ಒದ್ದೆ ಚಮಚ ಅದ್ದದಿದ್ರೆ. ಸೋಸಿ ಉಳಿದ ಸಿಪ್ಪೆ ಬಿಸಾಡ್ಬೇಡಿ, ಸಣ್ಣಗೆ ಹೆಚ್ಚಿ ಹುಣಸೆ, ಬೆಲ್ಲ, ಸಾರಿನ ಪುಡಿ ಹಾಕಿ ಗೊಜ್ಜು ಮಾಡಿ. ಅರ್ಧ ಸಿಹಿ ಆಗಲೇ ಹಿಡಿದಿರುತ್ತೆ, ಬೆಲ್ಲ ನೋಡಿಕೊಂಡು ಹಾಕಿ.